ಬೀಗದಕೈ ಯಾರ ಮನೆಯಲ್ಲಿದೆ?

ತಿಪಟೂರಿನವರು ಪ್ರವಾಸ ಹೊರಟರೆ ಘಾಟಿ ಇಳಿದೇ ತೀರಬೇಕು. ಧರ್ಮಸ್ಥಳ, ಕುಕ್ಕೆ, ಉಡುಪಿ, ಕೊಲ್ಲೂರು, ಕೈಯಲ್ಲಿ ಇನ್ನೊಂದು ದಿನ ಉಳಿದರೆ ಮುರುಡೇಶ್ವರ. ಊರ ನಡುವೆ ಹಾದುಹೋಗುವ ಹೆದ್ದಾರಿಯೂ ನಮ್ಮನ್ನು ಆ ಕಡೆಗೇ ಎಳೆಯುತ್ತದೆ. ಅದರ ಸಂಖ್ಯೆ 206 ಇದ್ದ ಕಾಲದಲ್ಲಿ ಹೊನ್ನಾವರದಲ್ಲಿ ಕಡಲು ಮುಟ್ಟುತ್ತಿತ್ತು, 73 ಆದಮೇಲೆ ಮಂಗಳೂರಿನಲ್ಲಿ ಮುಟ್ಟುತ್ತದೆ. ಕಡಲ ತೀರದಲ್ಲಿ ತೆಂಗು ಕಂಡರೆ ಯಾರಿಗೂ ಸೋಜಿಗವಿಲ್ಲ. ಸಮುದ್ರ ಮಟ್ಟದಿಂದ 800 ಮೀಟರಿಗೂ ಎತ್ತರದ ಬಯಲಿನಲ್ಲಿ, ಮಳೆ ಕೈಕೊಡುವ ಸೀಮೆಯಲ್ಲಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಉದ್ದಗಲಕ್ಕೂ ತೆಂಗು ನಿಂತಿದೆಯಲ್ಲ, ಸೋಜಿಗ ಪಡಬೇಕಾದದ್ದು ಅದಕ್ಕೆ. ನಾವು ಅದರ ನೆರಳಿನಲ್ಲೇ ಹುಟ್ಟಿ ಬೆಳೆದವರಾದ್ದರಿಂದ ನಮಗೆ ಅದು ನೋಡುವ ವಸ್ತು ಅಲ್ಲವೇ ಅಲ್ಲ. ತೋಟದ ಆಚೆ ಇರುವ ಗುಡಿಯೂ ಹಾಗೆಯೇ.

ಈ ಸಲ ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಬಾರಕೂರು, ಬಸರೂರು ಎಂದು ಕರಾವಳಿಯ ಹಳೆಯ ಊರುಗಳನ್ನು ಒಂದೇ ಹಗಲಿನಲ್ಲಿ ಗೈಡ್ ಸಮೇತ ತೋರಿಸುವ ಏರ್ಪಾಡೊಂದನ್ನು ನಮ್ಮ ಬೀದಿಯ ಹುಡುಗರು ಹುಡುಕಿ ತಂದಿದ್ದರು. ಹಣ ಕಟ್ಟುವ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ, "ಘಾಟಿ ತಿರುವು ಅಂದ್ರೆ ನಂಗೆ ಹೊಟ್ಟೆ ತೊಳಸುತ್ತೆ, ನಾನು ಒಲ್ಲೆ ಕಣ್ರಪ್ಪ" ಎಂದುಬಿಟ್ಟರು. ಅವರ ಹಿಂದೆಯೇ ಇನ್ನಿಬ್ಬರು ಮಂಡಿನೋವಿನವರು ಹಿಂದೆ ಸರಿದರು. ಬೀದಿಯ ಕೊನೆಯಲ್ಲಿ ನಿವೃತ್ತ ಇತಿಹಾಸದ ಮೇಷ್ಟ್ರೊಬ್ಬರಿದ್ದಾರೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ಘಾಟಿ ಇಳಿಯೋದೇ ಬೇಡ. ಒಂದು ಟಿ.ಟಿ. ಮಾಡಿ. ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಊಟದ ಹೊತ್ತಿಗೆ ಮನೆ ಸೇರೋ ಹಾಗೆ ನಮ್ಮ ಸೀಮೆನೇ ತೋರಿಸ್ತೀನಿ. ಗೈಡ್ ನಾನೇ" ಎಂದರು. ಹುಡುಗರ ಮುಖ ಸಣ್ಣದಾಯಿತು. ಅಜ್ಜಿ ಮಾತ್ರ ಆಗಲೇ ಎಲೆಅಡಿಕೆ ಚೀಲ ಹುಡುಕತೊಡಗಿದ್ದರು.

ಮೊದಲು ಅರಳಗುಪ್ಪೆ. ಬೆಂಗಳೂರಿನಿಂದ ಅರಸೀಕೆರೆಗೆ ರೈಲಿನಲ್ಲಿ ಓಡಾಡುವವರೆಲ್ಲ ಈ ಹೆಸರಿನ ನಿಲ್ದಾಣ ನೋಡಿರುತ್ತಾರೆ. ಇಳಿದವರು ಕಡಿಮೆ. ಊರೊಳಗಿನ ಕಲ್ಲೇಶ್ವರ ಗುಡಿ ಒಂಬತ್ತನೆಯ ಶತಮಾನದ್ದು, ಗಂಗರು ಮತ್ತು ನೊಳಂಬರ ಕಾಲದ ಕೆಲಸ. ಬೇಲೂರಿಗಿಂತ ಇನ್ನೂರು ವರ್ಷಕ್ಕೂ ಹೆಚ್ಚು ಹಳೆಯದು. ಒಳಗೆ ಹೋದರೆ ಕತ್ತಲೆ, ತಂಪು, ಎಣ್ಣೆ ಬತ್ತಿಯ ವಾಸನೆ. ನೋಡಬೇಕಾದದ್ದು ತಲೆಯ ಮೇಲಿದೆ. ಕತ್ತು ಎತ್ತಿ ನಿಲ್ಲಲು ವಯಸ್ಸಾದವರಿಗೆ ಆಗುವುದಿಲ್ಲ, ಎತ್ತಿದರೂ ಕತ್ತಲಲ್ಲಿ ಏನೂ ಕಾಣುವುದಿಲ್ಲ. ಮೇಷ್ಟ್ರು ಬಗಲ ಚೀಲದಿಂದ ಎರಡು ಕನ್ನಡಿ ತೆಗೆದರು. ಒಂದನ್ನು ಹುಡುಗನೊಬ್ಬನ ಕೈಗೆ ಕೊಟ್ಟು ಬಾಗಿಲ ಬಳಿ ನಿಲ್ಲಿಸಿ, ಹೊರಗಿನ ಬಿಸಿಲನ್ನು ಛಾವಣಿಗೆ ತಿರುಗಿಸಲು ಹೇಳಿದರು. ಇನ್ನೊಂದನ್ನು ಅಜ್ಜಿಯ ಮಡಿಲಿಗೆ ಇಟ್ಟು, "ಈಗ ತಲೆ ತಗ್ಗಿಸಿ ನೋಡಿ" ಎಂದರು.

ಕನ್ನಡಿಯೊಳಗೆ ಶಿವ ಕುಣಿಯುತ್ತಿದ್ದ. ನಡುವೆ ಅವನು, ಅವನ ಪಕ್ಕದಲ್ಲಿ ವಾದ್ಯ ನುಡಿಸುವವರು, ಸುತ್ತಲಿನ ಚೌಕಗಳಲ್ಲಿ ತಂತಮ್ಮ ವಾಹನವೇರಿದ ಎಂಟು ದಿಕ್ಕಿನ ದೇವತೆಗಳು. ನಾಲ್ಕು ಮೂಲೆಗಳಲ್ಲಿ ಹಾರುತ್ತಿರುವ ವಿದ್ಯಾಧರರು ಇಡೀ ಛಾವಣಿಯನ್ನು ತಾವೇ ಹೊತ್ತು ಒಯ್ಯುತ್ತಿರುವಂತೆ ಕಾಲು ಮಡಚಿ ಮೈ ಚಾಚಿದ್ದಾರೆ. ಹುಡುಗನ ಕೈ ಅಲುಗಿದಾಗಲೆಲ್ಲ ಬೆಳಕು ಒಂದು ಮೂರ್ತಿಯಿಂದ ಇನ್ನೊಂದಕ್ಕೆ ಜಾರುತ್ತಿತ್ತು. ಹಾಗೆ ಜಾರಿದಾಗ ಅಗ್ನಿಯ ಟಗರು, ಯಮನ ಕೋಣ, ಇಂದ್ರನ ಆನೆ ಕತ್ತಲಿನಿಂದ ಎದ್ದು ಬರುತ್ತಿದ್ದವು. ಅಜ್ಜಿ ಕನ್ನಡಿಯನ್ನು ಬೇರೆಯವರಿಗೆ ಬಿಟ್ಟುಕೊಡಲು ಒಪ್ಪಲಿಲ್ಲ. "ಇನ್ನೊಂದ್ ಚೂರು ಇರ್ರವ್ವ, ಈ ಮೂಲೆಯವ್ನ ನೋಡಿಲ್ಲ" ಎಂದು ಮಡಿಲಲ್ಲೇ ಇಟ್ಟುಕೊಂಡು ಕೂತರು. ಸಾವಿರದ ನೂರು ವರ್ಷಗಳ ಹಿಂದೆ, ನೆಲದ ಮೇಲೆ ನಿಂತವರ ಕಣ್ಣಿಗೆ ಸರಿಯಾಗಿ ಬೀಳಲಿ ಎಂದು ಲೆಕ್ಕ ಹಾಕಿ ಮಾಡಿದ ಕೆಲಸ ಅದು. ಕಲ್ಲನ್ನು ಈ ಬಗೆಯಲ್ಲಿ ಹಗುರಾಗಿಸಿದವರು ನಮ್ಮ ನೆಲದವರು ಎಂಬುದು ನನಗೆ ದಿನವಿಡೀ ಹೆಮ್ಮೆಯಾಗಿ ಉಳಿಯಿತು.

ಅದೇ ಊರಿನ ಚೆನ್ನಕೇಶವ ಗುಡಿ ಹೊಯ್ಸಳರದು, ಸುಮಾರು 1250ರ ಕಾಲದ್ದು. ನಾವು ಹೋದಾಗ ಬಾಗಿಲಿಗೆ ಬೀಗ. ಯಾರನ್ನು ಕೇಳುವುದೆಂದು ನಾವು ಅತ್ತಿತ್ತ ನೋಡುವಷ್ಟರಲ್ಲಿ ಹಟ್ಟಿ ಬಾಗಿಲಲ್ಲಿ ಹುಣಸೆಹಣ್ಣು ಕುಟ್ಟುತ್ತಿದ್ದ ಹೆಂಗಸೊಬ್ಬರು, "ಬೀಗದಕೈ ಐನೋರ ಮನೆಯಾಗೈತೆ, ಅವ್ರು ತೋಟಕ್ಕೆ ಹೋಗವ್ರೆ, ಕುಂತ್ಕಳಿ, ಹುಡುಗನ್ನ ಕಳಿಸ್ತೀನಿ" ಎಂದರು. ಕೂತೆವು. ಆ ಕಾಯುವಿಕೆ ವ್ಯರ್ಥವಾಗಲಿಲ್ಲ. ಮೇಷ್ಟ್ರು ಹೊರಗೋಡೆಯ ಸುತ್ತ ನಮ್ಮನ್ನು ನಿಧಾನವಾಗಿ ನಡೆಸಿದರು: ಕೆಳಗಿನಿಂದ ಆನೆಯ ಸಾಲು, ಕುದುರೆಯ ಸಾಲು, ಬಳ್ಳಿಯ ಸಾಲು, ಮೇಲೆ ದೇವರುಗಳು. ಹೊಯ್ಸಳರ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ನೆಲದಿಂದ ಎತ್ತಿದಾಗ ಮೆತ್ತಗಿದ್ದು ಸಣ್ಣ ಉಳಿಗೂ ಬಗ್ಗುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಬೆರಳ ಉಂಗುರ, ಕಾಲ ಗೆಜ್ಜೆ, ಎಲೆಯ ನರ ಎಲ್ಲವನ್ನೂ ಕೊರೆಯಲು ಸಾಧ್ಯವಾದದ್ದು ಅದರಿಂದ.

"ಇದೂ ಜಕಣಾಚಾರಿ ಕೆತ್ತಿದ್ದಾ ಮೇಷ್ಟ್ರೇ?" ಎಂದು ಹುಡುಗನೊಬ್ಬ ಕೇಳಿದ. ನಮ್ಮ ಕಡೆ ಈ ಪ್ರಶ್ನೆ ಬಂದೇ ಬರುತ್ತದೆ. ತುಮಕೂರಿನ ಪಕ್ಕದ ಕೈದಾಳ ಜಕಣಾಚಾರಿಯ ಊರೆಂದು ಕೇಳುತ್ತಲೇ ಬೆಳೆದವರು ನಾವು. ಮೇಷ್ಟ್ರು ಅವನ ಭುಜ ಹಿಡಿದು, "ಜಕಣಾಚಾರಿ ಕಥೆ ಚೆನ್ನಾಗಿದೆ, ಅದು ಇರಲಿ. ಆದರೆ ಇಲ್ಲಿ ಕೆಲಸ ಮಾಡಿದವನ ಹೆಸರೇ ನಮಗೆ ಗೊತ್ತು, ಹೊನ್ನೋಜ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇಲ್ಲಿ ಹೊನ್ನೋಜ. ಹೆಸರು ಬಿಟ್ಟು ಹೋದವರನ್ನ ಹೆಸರು ಹಿಡಿದೇ ಕರೀಬೇಕು" ಎಂದರು. ಆ ಮಾತು ಹೇಳುವಾಗ ಅವರ ದನಿ ತುಸು ಏರಿತ್ತು. ಕರಾವಳಿಯಲ್ಲಾಗಲಿ, ಹಂಪಿಯಲ್ಲಾಗಲಿ ಗೈಡುಗಳು ಹೇಳುವ ಅದ್ಭುತ ಕಥೆಗಳನ್ನು ನಾನೂ ಬಾಯಿಬಿಟ್ಟು ಕೇಳಿದ್ದೇನೆ. ಇಷ್ಟು ಗೊತ್ತು, ಇದರಾಚೆ ಗೊತ್ತಿಲ್ಲ ಎಂದು ಗೆರೆ ಎಳೆದು ತೋರಿಸುವ ಗೈಡು ಸಿಕ್ಕಾಗ ಗುಡಿ ದೊಡ್ಡದಾಗುತ್ತದೆ. ಅವರ ಚೀಲದಲ್ಲಿ ಕನ್ನಡಿಗಳ ಜೊತೆ ಬಿ.ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹನ್ನೆರಡನೆಯ ಸಂಪುಟದ ಕೆಲವು ಪುಟಗಳ ಜೆರಾಕ್ಸ್ ಇತ್ತು. ತುಮಕೂರು ಜಿಲ್ಲೆಯ ಶಾಸನಗಳು 1904ರಲ್ಲಿ ಅಚ್ಚಾದದ್ದು ಆ ಸಂಪುಟದಲ್ಲಿ. ಅಂಚು ಹರಿದು, ಅರಿಶಿನದ ಕಲೆ ಹತ್ತಿದ್ದ ಆ ಹಾಳೆಗಳನ್ನು ಅವರು ಪಂಚಾಂಗ ತೆಗೆಯುವವರಂತೆ ಜೋಪಾನವಾಗಿ ತೆಗೆದು ಮಡಚುತ್ತಿದ್ದರು.

ಐನೋರು ಬಂದರು. ಪಂಚೆಯ ಅಂಚಿಗೆ ತೋಟದ ಕೆಸರು. ಬಾಗಿಲು ತೆರೆದು, ದೀಪ ಹಚ್ಚಿ, ತೀರ್ಥ ಕೊಟ್ಟು, ಯಾವ ಅವಸರವೂ ಇಲ್ಲದೆ ಪಕ್ಕಕ್ಕೆ ನಿಂತರು. ಒಳಗಿನ ಕಂಬಗಳು ಕಡೆದವು, ಒಂದರ ಮೇಲೊಂದು ಉಂಗುರ ಕೂರಿಸಿದ ಹಾಗೆ ನುಣುಪಾಗಿವೆ. ಅಜ್ಜಿ ಒಂದು ಕಂಬದ ಮೇಲೆ ಅಂಗೈ ಆಡಿಸಿ, "ತೆಂಗಿನ ಮರದ ಮೈ ಮೇಲೆ ಗರಿ ಉದುರಿದ ಗೆರೆ ಇರ್ತಾವಲ್ಲ, ಹಂಗೇ ಐತೆ" ಎಂದರು.

ವಿಘ್ನಸಂತೆಗೆ ಹೋಗುವ ದಾರಿಯ ಎರಡೂ ಬದಿ ತೋಟ. ಇಲ್ಲಿಯ ಲಕ್ಷ್ಮೀನರಸಿಂಹ ಗುಡಿಯನ್ನು 1286ರಲ್ಲಿ ಅಪ್ಪಯ್ಯ, ಗೋಪಾಲ, ಮಾಧವ ಎಂಬ ಮೂವರು ಅಣ್ಣತಮ್ಮಂದಿರು ಕಟ್ಟಿಸಿದರು. ಮೂವರೂ ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕರು. ಒಳಗೆ ಮೂರು ಗರ್ಭಗುಡಿಗಳಿವೆ. "ಆಳಿಗೊಂದು ಗುಡಿ ಹಂಚ್ಕೊಂಡ್ರಾ?" ಎಂದು ಕೇಳಿದವರಿಗೆ ಮೇಷ್ಟ್ರು, "ಹಂಗಂತ ನಂಗೆ ಎಲ್ಲೂ ಓದಿದ ನೆನಪಿಲ್ಲ. ಮೂವರೂ ಸೇರಿ ಕಟ್ಟಿಸಿದರು, ಅಷ್ಟೇ" ಎಂದರು. ಅಷ್ಟೇ ಎನ್ನುವುದು ನನಗೆ ದೊಡ್ಡ ಸಂಗತಿಯಾಗಿ ಕಂಡಿತು. ತೋಟದ ಬದುವಿಗೆ, ಬೋರ್‌ವೆಲ್ ನೀರಿಗೆ, ಅಟ್ಟದ ಕೊಬ್ಬರಿಗೆ ಅಣ್ಣತಮ್ಮಂದಿರು ಕೋರ್ಟು ಹತ್ತುವುದನ್ನು ನಮ್ಮ ತಾಲ್ಲೂಕುಗಳಲ್ಲಿ ನೋಡದವರಿಲ್ಲ. ಮೂವರು ಒಟ್ಟಿಗೆ ನಿಂತು ಕಟ್ಟಿದ ಗೋಡೆ ಏಳುನೂರು ವರ್ಷ ದಾಟಿಯೂ ನಿಂತಿದೆ.

ಮಧ್ಯಾಹ್ನದ ಊಟ ನೊಣವಿನಕೆರೆ ಕಡೆಯ ಒಂದು ತೋಟದ ಮನೆಯಲ್ಲಿ. ಒತ್ತು ಶ್ಯಾವಿಗೆ, ಬೆಲ್ಲ ಏಲಕ್ಕಿ ಹಾಕಿದ ಕಾಯಿಹಾಲು, ಆಮೇಲೆ ಮುದ್ದೆ, ಹುರುಳಿಕಾಳು ಸಾರು. ಊಟ ಆದಮೇಲೆ ಮೇಷ್ಟ್ರು, "ಇನ್ನೊಂದು ನೋಡೋದಿದೆ, ಇದಕ್ಕೆ ಶಾಸನ ಇಲ್ಲ" ಎನ್ನುತ್ತ ಎಲ್ಲರನ್ನೂ ಮನೆಯ ಅಟ್ಟಕ್ಕೆ ಹತ್ತಿಸಿದರು. ಬೀದಿಯ ಹುಡುಗರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರೂ ಇದ್ದರು. ಅವರು ಕೊಬ್ಬರಿ ಅಟ್ಟ ಕಂಡವರಲ್ಲ. ಸಂದು ಬಿಟ್ಟು ಜೋಡಿಸಿದ ದಬ್ಬೆಗಳ ಮೇಲೆ ಸಿಪ್ಪೆ ಸುಲಿಯದ ಬಲಿತ ಕಾಯಿ ಎದೆಯೆತ್ತರಕ್ಕೆ ರಾಶಿ ಬಿದ್ದಿತ್ತು. ಹೀಗೆ ಎಂಟು ತಿಂಗಳಿಂದ ವರ್ಷದವರೆಗೆ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಒಣಗಿ ಚಿಪ್ಪಿನಿಂದ ಬಿಡುತ್ತದೆ. ಮನೆಯ ಯಜಮಾನರು ಒಂದು ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದರು. ಲೊಟಲೊಟ ಸದ್ದು. ಇನ್ನೊಂದು ಎತ್ತಿದರು, ಸದ್ದಿಲ್ಲ. ಅದನ್ನು ಮರಳಿ ರಾಶಿಗೆ ಹಾಕಿ, "ಇದಕ್ಕಿನ್ನೂ ಟೈಮ್ ಐತೆ" ಎಂದರು. ಸದ್ದು ಬಂದದ್ದನ್ನು ಕೆಳಗೆ ತಂದು ಸಿಪ್ಪೆ ಸುಲಿದು, ಚಿಪ್ಪಿಗೆ ಮಚ್ಚಿನ ಹಿಂಬದಿಯಿಂದ ಸುತ್ತಲೂ ಸಣ್ಣ ಸಣ್ಣ ಪೆಟ್ಟು ಹಾಕಿ ಬಿಡಿಸಿದರು. ಒಳಗಿನಿಂದ ಕಂದು ಬಣ್ಣದ ಉಂಡೆ ಕೊಬ್ಬರಿ ಎಲ್ಲೂ ಸೀಳದೆ ಇಡಿಯಾಗಿ ಬಂತು. ಇದೇ ತಿಪಟೂರು ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಉತ್ತರ ಭಾರತದ ಪೂಜೆಗೆ, ಮಿಠಾಯಿಗೆ ಹೋಗುವ ಸರಕು. ಒಂದು ಪೆಟ್ಟು ಜೋರಾದರೆ ಉಂಡೆ ಒಡೆಯುತ್ತದೆ, ಒಡೆದದ್ದಕ್ಕೆ ಬೆಲೆ ಇಳಿಯುತ್ತದೆ. ಹೊನ್ನೋಜನ ಗುಡಿಯ ಮುಂದೆ ನಿಂತು ಬಂದ ಕಣ್ಣಿಗೆ ಆ ಮಚ್ಚಿನ ಹಿಡಿತವೂ ಗೌರವ ಕೊಡಬೇಕಾದ ಕೈಕೆಲಸವಾಗಿ ಕಂಡಿತು. ಮೇಷ್ಟ್ರು ನಮ್ಮನ್ನು ಅಲ್ಲಿಗೆ ಕರೆದೊಯ್ದದ್ದೇ ಅದಕ್ಕಿರಬೇಕು.

ಅಟ್ಟದಿಂದ ಇಳಿದು ಹಜಾರದಲ್ಲಿ ಕೂತಾಗ ಕೆರೆಯ ಮಾತು ಬಂತು. ಹಳೆಯ ದಾನಶಾಸನಗಳಲ್ಲಿ ದೇವರ ಹೆಸರಿನಷ್ಟೇ ಮುಖ್ಯವಾಗಿ ಕೆರೆ, ಗದ್ದೆ, ಬೆದ್ದಲು, ತೋಟ ಬರುತ್ತವೆ. ಗುಡಿ ಕಟ್ಟಿಸಿದವರು ನಿತ್ಯಪೂಜೆಗೆ ಭೂಮಿ ಬಿಡಬೇಕು, ಭೂಮಿ ಬೆಳೆಯಬೇಕಾದರೆ ಕೆರೆ ತುಂಬಬೇಕು. ಅರಸೊತ್ತಿಗೆ ಹೋಯಿತು, ಕೆರೆಗಳು ಉಳಿದವು. ಈಗ ಅವು ತುಂಬಬೇಕಾದರೆ ಗೊರೂರಿನಿಂದ ಹೇಮಾವತಿ ನಾಲೆಯ ನೀರು ಬರಬೇಕು. ಬಂದ ವರ್ಷ ತೋಟ ನಗುತ್ತದೆ, ಬಾರದ ವರ್ಷ ಸುಳಿ ಬಾಗುತ್ತದೆ. 1990ರ ದಶಕದ ಕೊನೆಯಲ್ಲಿ ಬಂದ ನುಸಿರೋಗದಲ್ಲಿ ಕಾಯಿಗಳೆಲ್ಲ ಸುರುಟಿ ಸಣ್ಣಗಾದದ್ದನ್ನು ಯಜಮಾನರು ನೆನೆದರು. ಮಾತು ಅಲ್ಲಿಗೆ ನಿಂತಿತು.

ತುರುವೇಕೆರೆಯಲ್ಲಿ ಚೆನ್ನಕೇಶವ ಗುಡಿಯನ್ನು 1263ರಲ್ಲಿ ಕಟ್ಟಿಸಿದವನು ಸೋಮಣ್ಣ ದಂಡನಾಯಕ. ಸೋಮನಾಥಪುರಕ್ಕೆ ಹೆಸರು ಬಂದದ್ದೂ ಸೋಮ ದಂಡನಾಯಕನಿಂದಲೇ, ಆಗ ಆಳುತ್ತಿದ್ದವನೂ ಅದೇ ಮೂರನೆಯ ನರಸಿಂಹ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿ ಸೇರಿದಾಗ ನಾವೆಲ್ಲ ಸಂಭ್ರಮಿಸಿದೆವು, ಸಂಭ್ರಮಿಸಬೇಕಾದ್ದೇ. ಆ ಮೂರರ ಒಡಹುಟ್ಟುಗಳು ನಮ್ಮ ಮೂರು ತಾಲ್ಲೂಕುಗಳ ಬೀದಿಗಳಲ್ಲಿವೆ ಎಂಬುದನ್ನು ಆ ದಿನ ಯಾರಾದರೂ ನಮ್ಮ ಶಾಲೆಗಳಲ್ಲಿ ಹೇಳಿದ್ದರೆ ಚೆನ್ನಾಗಿತ್ತು.

ತುರುವೇಕೆರೆಯಲ್ಲಿ ನಾನು ಹೆಚ್ಚು ಹೊತ್ತು ನಿಂತದ್ದು ಗಂಗಾಧರೇಶ್ವರ ಗುಡಿಯ ನಂದಿಯ ಮುಂದೆ. ಈವರೆಗೆ ನೋಡಿದ್ದು ಬಳಪದ ಕಲ್ಲು, ಇದು ಬೇರೆ. ಗಟ್ಟಿ ಕಪ್ಪು ಕಲ್ಲು, ಉಳಿ ಕೊರೆದದ್ದಕ್ಕಿಂತ ತಿಕ್ಕಿ ತಿಕ್ಕಿ ತಂದ ಹೊಳಪೇ ಅದರ ಜೀವ. ಬಾಗಿಲಿನ ಬೆಳಕು ಅದರ ಬೆನ್ನಿನ ಇಳಿಜಾರಿನಲ್ಲಿ ಹರಿದು ಕುತ್ತಿಗೆಯ ಹಗ್ಗ, ಗೆಜ್ಜೆಗಳಲ್ಲಿ ತುಂಡಾಗುತ್ತದೆ. ಹತ್ತಿರ ಹೋದವರ ಸೀರೆಯ ಬಣ್ಣ ಅದರ ಪಕ್ಕೆಯಲ್ಲಿ ಮಸುಕಾಗಿ ಮೂಡುತ್ತದೆ. ಈ ಊರಿನ ಪಡುವಲಿಗೆ ಇರುವ ಕರೇಕಲ್ಲು ಗುಡ್ಡದಿಂದಲೇ ಶ್ರೀರಂಗಪಟ್ಟಣದ ಗುಂಬಜ್‌ಗೆ, ಅಂದರೆ ಟಿಪ್ಪು ತನ್ನ ತಂದೆ ಹೈದರನಿಗಾಗಿ ಕಟ್ಟಿಸಿದ ಗೋರಿಗೆ, ಕಪ್ಪು ಕಂಬಗಳ ಕಲ್ಲು ಹೋಯಿತೆಂದು ರೈಸ್ ಅವರ ಮೈಸೂರು ಗೆಜೆಟಿಯರು ದಾಖಲಿಸಿದೆ. ಗುಂಬಜ್ ನೋಡಿದವರಿಗೆ ಆ ಕಂಬಗಳ ಹೊಳಪು ನೆನಪಿರುತ್ತದೆ. ಒಂದೇ ಸೀಮೆಯ ಕಲ್ಲು ಇಲ್ಲಿ ನಂದಿಯಾಗಿ ಕೂತಿತು, ಅಲ್ಲಿ ಗೋರಿಯ ಸುತ್ತ ಕಂಬವಾಗಿ ನಿಂತಿತು. ಎರಡನ್ನೂ ತಿಕ್ಕಿ ಹೊಳಪು ತಂದ ಕೈಗಳು ಯಾರವೋ, ಎರಡೂ ಕಡೆ ಕೆಲಸ ಮಾತ್ರ ಒಂದೇ ಶ್ರದ್ಧೆಯದು. ಮೇಷ್ಟ್ರು ಇದನ್ನು ಹೇಳಿ ಮುಗಿಸಿದಾಗ ನಮ್ಮ ಗುಂಪಿನ ಡ್ರೈವರ್, ಅವರು ಮುಸಲ್ಮಾನರು, ನಂದಿಯ ಹತ್ತಿರ ಬಂದು ಬಗ್ಗಿ ನೋಡಿ, "ನಾನು ಗುಂಬಜ್‌ಗೆ ಎಷ್ಟು ಸಲ ಗಾಡಿ ಹೊಡ್ದಿದೀನಿ ಸಾರ್, ಕಲ್ಲು ನಮ್ಮೂರ ಕಡೇದು ಅಂತ ಒಬ್ರೂ ಹೇಳಿರಲಿಲ್ಲ" ಎಂದರು.

ನಾಗಲಾಪುರದಲ್ಲಿ ಹೆಚ್ಚು ಹೊತ್ತು ಇರಲಿಲ್ಲ. ಅಲ್ಲಿಯೂ ಹೊಯ್ಸಳರ ಎರಡು ಗುಡಿಗಳಿವೆ, ಚೆನ್ನಕೇಶವನದೊಂದು, ಕೇದಾರೇಶ್ವರನದೊಂದು. ಕೆತ್ತನೆ ಸೊಗಸಾಗಿದೆ, ಕಟ್ಟಡ ಬಳಲಿದೆ. ನೋಡಿದಷ್ಟೂ ಸಂಕಟ ಹೆಚ್ಚಾಗುವ ಜಾಗ ಅದು.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಕಾಫಿ ಕುಡಿದು ಚಿಕ್ಕನಾಯಕನಹಳ್ಳಿ ಕಡೆ ತಿರುಗಿದೆವು. ಹಾಗಲವಾಡಿ ಪಾಳೆಯಗಾರರ ಊರು ಅದು. ನಾವು ಅಲ್ಲಿ ನಿಲ್ಲದೆ ತೀರ್ಥಪುರಕ್ಕೆ ಹೋದೆವು. ತೀ.ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ ಊರು. 'ಭಾರತೀಯ ಕಾವ್ಯಮೀಮಾಂಸೆ' ಬರೆದ ಪಂಡಿತರು, 'ನಂಟರು' ಎಂಬ ಲಲಿತ ಪ್ರಬಂಧಗಳ ಪುಸ್ತಕವನ್ನೂ ಕೊಟ್ಟವರು. ಬಿ.ಎಂ.ಶ್ರೀ. ಹುಟ್ಟಿದ್ದು 1884ರಲ್ಲಿ ಸಂಪಿಗೆಯಲ್ಲಿ, ಸಾ.ಶಿ. ಮರುಳಯ್ಯನವರು ಸಾಸಲಿನವರು. ಹೊಸಗನ್ನಡಕ್ಕೆ ನಮ್ಮ ತೆಂಗಿನ ಸೀಮೆ ಕೊಟ್ಟದ್ದು ಸಣ್ಣದಲ್ಲ. ತೀರ್ಥಪುರದಲ್ಲಿ ನೋಡಲು ಗೋಪುರ ಇರಲಿ ಇಲ್ಲದಿರಲಿ, ಒಬ್ಬ ದೊಡ್ಡ ಬರಹಗಾರ ಓಡಾಡಿದ ಮಣ್ಣು ಎಂದು ಹೇಳಿ ಮಕ್ಕಳನ್ನು ಹತ್ತು ನಿಮಿಷ ಇಳಿಸಿದರೂ ಸಾಕು ಎಂದು ಮೇಷ್ಟ್ರ ನಂಬಿಕೆ. ನನ್ನದೂ ಅದೇ. ಬೀದಿಯ ಹುಡುಗರು ಅಲ್ಲಿ ಇಳಿದು, ಬೆಳಿಗ್ಗೆ ಸಣ್ಣಗಾಗಿದ್ದ ಮುಖ ಮರೆತು, ಮುಂದಿನ ಸಲ ಎಲ್ಲಿಗೆ ಎಂದು ಮೇಷ್ಟ್ರನ್ನು ಕೇಳುತ್ತಿದ್ದರು.

ದಿನವಿಡೀ ನಮಗೆ ಟಿಕೆಟ್ ಕೌಂಟರ್ ಎದುರಾಗಲಿಲ್ಲ, ಎದುರಾದದ್ದು ಬೀಗದಕೈ ಇಟ್ಟುಕೊಂಡ ಮನೆಗಳು. ನಮ್ಮ ಕಡೆಯ ಗುಡಿಗಳನ್ನು ನೋಡಲು ಬರುವವರು ಹಿಂದಿನ ದಿನವೇ ಊರಿಗೆ ಒಂದು ಮಾತು ಹೇಳಿ ಕಳಿಸಿ. ತೋಟದಿಂದ ಬರುವ ಅರ್ಚಕರಿಗೆ ಅರ್ಧ ಗಂಟೆ ಕಾಯಿರಿ, ಹೊರಡುವಾಗ ತಟ್ಟೆಗೆ ಕೈಲಾದಷ್ಟು ಹಾಕಿ. ಶಿಲ್ಪಗಳಿಗೆ ಎಣ್ಣೆ, ಕುಂಕುಮ ಹಚ್ಚಬೇಡಿ. ಜೊತೆಗೆ ಎರಡು ಕನ್ನಡಿ ಇರಲಿ. ಈ ಮೂರು ತಾಲ್ಲೂಕುಗಳ ಮೇಷ್ಟ್ರು, ಮೇಡಂಗಳಲ್ಲಿ ನನ್ನದೊಂದು ಬೇಡಿಕೆ: ಈ ವರ್ಷದ ಶಾಲಾ ಪ್ರವಾಸಕ್ಕೆ ಬೇಲೂರೋ ಕಡಲೋ ಎಂದು ಪಟ್ಟಿ ಮಾಡುವ ಮೊದಲು, ಒಂದು ಶನಿವಾರ ಮಕ್ಕಳನ್ನು ಅರಳಗುಪ್ಪೆಗೆ ಕರೆದುಕೊಂಡು ಹೋಗಿ ಆ ಛಾವಣಿಯ ಕೆಳಗೆ ನಿಲ್ಲಿಸಿ.